ಅಕ್ಕೋರ ಕಾರಿನ ಬಿಕ್ಕಳಿಕೆ

ಸವಣೂರಿನಲ್ಲಿ ಹೆಂಗಸರಿಗೆ ಕಾರು ಓಡಿಸಲು ಕಲಿಸುವ ಗುಲ್ನಾಜರನ್ನು ಎಲ್ಲರೂ ಕರೆಯುವುದು ಅಕ್ಕೋರು ಎಂದೇ. ಶಾಲೆಯ ಅಕ್ಕೋರಿಗಿಂತ ಅವರ ದನಿ ಜೋರು. ಕೇಳಿದರೆ, “ಮೆಲ್ಲಗ ಹೇಳೂದ್ರಾಗ ಎಮ್ಮಿ ಅಡ್ಡ ಬಂದಿರತೈತ್ರಿ” ಎನ್ನುತ್ತಾರೆ. ಅವರ ತಂದೆ ಶೇಖಸಾಬರು ವೀಳ್ಯದೆಲೆ ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ಸ್ಟೇರಿಂಗ್ ಹಿಡಿಯುವುದೂ ರಿಪೇರಿಯ ಪಾನಾ ತಿರುವುವುದೂ ಗುಲ್ನಾಜರಿಗೆ ಬಂದದ್ದು ಅಲ್ಲಿಂದಲೇ. ಗಂಡ ಜಾವೇದರದ್ದು ಹೊಲಿಗೆ ಅಂಗಡಿ. ಕಾರಿನಲ್ಲಿ ಕೂತರೆ ಅವರು ಈಗಲೂ ಕಣ್ಣು ಮುಚ್ಚುತ್ತಾರೆ.

ಈ ಸಲದ ಶಿಷ್ಯೆ ಚೌಡವ್ವ, ಪಕ್ಕದ ಹಳ್ಳಿಯಾಕೆ, ಮೊಮ್ಮಕ್ಕಳನ್ನು ಕಂಡವಳು. ಹಿರೇಕೆರೂರಿನ ತಂಗಿಯ ಮನೆಗೆ ಹೋಗಲು ಮಗನ ಪುರಸೊತ್ತು ಕಾದು ಕಾದು ಬೇಸತ್ತು ಕಲಿಯಲು ಬಂದಿದ್ದಳು. ಒಂದು ದಿನ ಅವಳ ಕೈಯಲ್ಲಿದ್ದಾಗಲೇ ಕಾರು ಶಿಗ್ಗಾಂವ ರಸ್ತೆಯಲ್ಲಿ ಬಿಕ್ಕಲು ಶುರುಮಾಡಿತು. ತನ್ನ ಕಾಲ್ಗುಣವೇ ಸರಿಯಿಲ್ಲ ಎಂದುಕೊಂಡ ಚೌಡವ್ವ ಮರುದಿನ ನಿಂಬೆಹಣ್ಣು, ಮೆಣಸಿನಕಾಯಿ ತಂದು ಬಂಪರಿಗೆ ಕಟ್ಟಿದಳು.

“ಇರ್ಲಿ ಬಿಡ್ರಿ. ಪ್ಲಗ್ಗೂ ಬದಲಿ ಮಾಡೂಣು,” ಎಂದು ಗುಲ್ನಾಜ ಗಂಡನ ಅಂಗಡಿಯ ಮುಂದೆಯೇ ಬಾನೆಟ್ ಎತ್ತಿದರು.

ಕಿಡಿ ಹೊತ್ತಿಸುವ ಪ್ಲಗ್ಗುಗಳು ಎಂಜಿನ್ನಿನ ಮೇಲೆ ಆಳವಾದ ಗುಂಡಿಗಳಲ್ಲಿದ್ದವು. ನಡುವಿನದರ ಮೇಲಿದ್ದ, ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಎಳೆದರೆ ಅದರ ತುದಿಯಿಂದ ಎಣ್ಣೆ ತೊಟ್ಟಿಕ್ಕಿತು. ಗುಂಡಿಯೂ ಎಣ್ಣೆಮಯ.

“ಎಣ್ಣಿ ಹಾಕಿದಾಕಿ ನಾ ಅಲ್ರಿ ಅಕ್ಕೋರ!” ಚೌಡವ್ವ ಎರಡೂ ಕೈ ಎತ್ತಿಬಿಟ್ಟಳು.

ಗುಲ್ನಾಜ ಗ್ಯಾರೇಜಿನ ಬಾಬಾಜಾನನಿಗೆ ಫೋನ್ ಮಾಡಿದರು. “ಜಾವೇದಭಾಯಿಗೆ ಕೊಡ್ರಿ,” ಎಂದ ಅವನು. ಜಾವೇದರು ಫೋನ್ ಹಿಡಿದು, “ಅದು... ಬಿಕ್ಕತೈತಿ. ಎಣ್ಣಿನೂ ಕುಡದೈತಿ,” ಎಂದರು. ಎಂಜಿನ್ನೇ ಇಳಿಸಬೇಕು, ವಾರ ಬಿಟ್ಟು ತರಲಿ ಎಂದು ಆ ಕಡೆಯಿಂದ ಉತ್ತರ ಬಂತು.

“ಏನೂ ಇಳಿಸೂದು ಬ್ಯಾಡ,” ಎಂದರು ಗುಲ್ನಾಜ. ಮುಖ ಕೆಂಪಾಗಿತ್ತು. “ಮ್ಯಾಲಿನ ಮುಚ್ಚಳದ ಪ್ಯಾಕಿಂಗ್ ಹೋಗೈತಿ, ಎಣ್ಣಿ ಇಳಿದು ಕಿಡಿ ಹತ್ತವಲ್ದು, ಅಷ್ಟ.”

“ಕುಕ್ಕರ್ ರಬ್ಬರ್ ಇದ್ದಂಗೇನ್ರಿ?” ಎಂದಳು ಚೌಡವ್ವ.

“ಹೂಂ, ಹಂಗ.”

“ಹಂಗಾದ್ರ ಅಂಜೂದ್ಯಾಕ? ಬಿಚ್ರಿ!”

ಆದರೆ ಮುಚ್ಚಳವನ್ನು ಅವರು ಒಬ್ಬರೇ ಎಂದೂ ಬಿಚ್ಚಿರಲಿಲ್ಲ. ಮೊದಲು ಗುಂಡಿಯ ಎಣ್ಣೆಯನ್ನು ಬಟ್ಟೆಯಿಂದ ಹೀರಿ ತೆಗೆದು, ಆಮೇಲೆ ಮುಚ್ಚಳ ಎತ್ತಿದರು. ಗುಂಡಿಯ ಸುತ್ತಲಿನ ರಬ್ಬರ್ ಬಳೆ ಹಪ್ಪಳದಂತೆ ಮುರಿಯಿತು. ಅದೇ ಚೂರನ್ನು ಹಿಡಿದು ಬಸ್ಸಿನಲ್ಲಿ ಶಿಗ್ಗಾಂವಕ್ಕೆ ಹೋಗಿ ಹೊಸ ಪ್ಯಾಕಿಂಗೂ ಬಳೆಗಳೂ ತಂದರು.

ಕೂರಿಸುವಾಗ ಚೌಡವ್ವ ಒಂದು ಬೋಲ್ಟನ್ನು ರೊಟ್ಟಿ ಬಡಿಯುವ ಕೈಯಿಂದ ತಿರುವತೊಡಗಿದಳು.

“ಮುರೀತೈತ್ರಿ! ಇದನ್ನೊಂದೀಟು, ಎದುರಿನದನ್ನೊಂದೀಟು. ಎಲ್ಲಾ ಸಮಾ ಬರಬೇಕು.”

ಹೊಸ ಪ್ಲಗ್ ಹಾಕಿ ಕೀಲಿ ತಿರುಗಿಸಿದಾಗ ಎಂಜಿನ್ನು ಒಂದೂ ಬಿಕ್ಕು ಬಿಕ್ಕಲಿಲ್ಲ. ಜಾವೇದರು ಅಂಗಡಿಯಿಂದ ಇಣುಕಿ, “ಬಂದ್ ಆಗೇತೇನು?” ಎಂದು ಕೇಳಿದರು. ಅಷ್ಟು ಸದ್ದಡಗಿತ್ತು. ಸ್ವಲ್ಪ ಓಡಿಸಿ ಬಂದು ಗುಲ್ನಾಜ ಮತ್ತೆ ಗುಂಡಿಗೆ ಬಟ್ಟೆ ಇಳಿಸಿ ನೋಡಿದರು. ಬಟ್ಟೆ ಎಣ್ಣೆ ತಾಗದೆ ಒಣದಾಗಿಯೇ ಬಂತು. ಅದನ್ನು ಅವರು ಗಂಡನ ಮುಖದೆದುರು ಬಾವುಟದಂತೆ ಬೀಸಿದರು.

ಆ ಸಂಜೆ ಚೌಡವ್ವನೇ ಕಾರು ಓಡಿಸಿದಳು. ಬಂಕಾಪುರದ ಹತ್ತಿರ ಬಂದಾಗ ಗುಲ್ನಾಜ ಕಾರನ್ನು ಊರ ಕಡೆ ತಿರುಗಿಸಲು ಹೇಳಿದರು.

“ಈಗ ಕೈ ಕುಂತೈತ್ರಿ, ಸುಮ್ಕಿರ್ರಿ,” ಎಂದು ಚೌಡವ್ವ ಮುಂದೆಯೇ ಓಡಿಸಿ ಒಂದು ಚಹಾದಂಗಡಿಯ ಎದುರು ನಿಲ್ಲಿಸಿದಳು. ಮಿರ್ಚಿ ಬಜ್ಜಿ ಆಗಷ್ಟೇ ಎಣ್ಣೆಯಿಂದ ಎದ್ದಿತ್ತು. ಇಬ್ಬರೂ ಬಾನೆಟ್ಟಿಗೆ ಒರಗಿ ನಿಂತು, ಮಸಿ ಮೆತ್ತಿದ ಬೆರಳುಗಳಿಂದಲೇ ತಿಂದರು.