ದೀಪದ ಹಿಂದಿನ ಶುಕ್ರ

ಪ್ರತಿ ವರ್ಷ ಪಿಯುಸಿಯ ಮೊದಲ ತರಗತಿಯನ್ನು ನಾನು ಒಂದೇ ಮಾತಿನಿಂದ ಶುರು ಮಾಡುತ್ತಿದ್ದೆ: ಭೌತಶಾಸ್ತ್ರ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಮನೆಯ ಮಾಳಿಗೆಯ ಮೇಲೆ. ಒಟ್ಟಾಗಿ ಸಾಗುವ ಸಾವಿರ ಚುಕ್ಕಿಗಳ ನಡುವೆ ಐದು ಮಾತ್ರ ದಾರಿ ಬಿಟ್ಟು ಅಲೆಯುತ್ತವೆ ಎಂದು ಯಾರೋ ಕಂಡರು, ಹೆದರಿದರು, ಅವಕ್ಕೆ ದೇವರ ಹೆಸರಿಟ್ಟರು. ಇಷ್ಟು ಹೇಳಿ ನಗುತ್ತಿದ್ದೆ. ಹಳಬರನ್ನು ಕಂಡು ನಗುವುದೆಂದರೆ ನನಗೆ ಬಲು ಖುಷಿ. ಈಗ ಆ ಮಾತು ಬಿಟ್ಟು ನೇರ ಪುಸ್ತಕ ತೆರೆಯುತ್ತೇನೆ.

ಮುಂಡರಗಿಯ ಹುಡುಗನೊಂದಿಗೆ ನನ್ನ ಮದುವೆ ಗಟ್ಟಿಯಾದಾಗ ಮುಳಗುಂದದ ಮನೆಯಲ್ಲಿ ಇದ್ದವರು ನಾನು, ಅವ್ವ ಇಬ್ಬರೇ. ಅವ್ವನ ಕಣ್ಣು ಹಳದಿಯಾಗಿದ್ದವು. ಕಾಮಾಲೆ ಇರಬೇಕೆಂದು ಅವಳು ಕಬ್ಬಿನಹಾಲು ಕುಡಿಯುತ್ತಿದ್ದಳು. ಗದಗಿನ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಕಾಮಾಲೆಯಲ್ಲ, ಯಕೃತ್ತಿನಲ್ಲಿ ಗಡ್ಡೆ ಬೆಳೆದಿದೆ ಎಂದರು.

“ಮದುವಿ ಇದ್ರ ಈ ತಿಂಗಳದಾಗ ಮುಗಿಸಿಬಿಡ್ರಿ. ಎರಡ ತಿಂಗಳು ದಾಟೂದು ಕಷ್ಟ ಐತಿ.”

ಬಸ್ಸಿನಲ್ಲಿ ಅವ್ವ ಕೇಳಿದಳು, “ಏನಂದ್ರವಾ ಡಾಕ್ಟರು?”

“ಗುಳಿಗಿ ತಗೊಂಡ್ರ ಆರಾಮ ಆಕ್ಕೈತಂತ,” ಎಂದೆ. ಅಷ್ಟು ಸಲೀಸಾಗಿ ನನ್ನ ಬಾಯಿಗೆ ಸುಳ್ಳು ಬಂದದ್ದು ಅದೇ ಮೊದಲು.

ಮನೆಗೆ ಬಂದವಳೇ ಮದುವೆ ಈ ತಿಂಗಳೇ ಆಗಲಿ ಎಂದೆ. ಅವ್ವ ದಂಗಾದಳು. ಪಂಚಾಂಗ ನೋಡುವ ಅಯ್ಯನವರು ಆಗಲೇ ಹೇಳಿಬಿಟ್ಟಿದ್ದರು: ಶುಕ್ರ ಅಸ್ತನಾಗಿದ್ದಾನೆ, ಎರಡು ತಿಂಗಳು ಕಾಣುವುದಿಲ್ಲ. ಅವನು ಮತ್ತೆ ಮೂಡುವ ತನಕ ನಮ್ಮಲ್ಲಿ ಮದುವೆ ಮಾಡುವುದಿಲ್ಲ.

“ಶುಕ್ರ ಇಲ್ಲದಾಗ ಮದುವಿ ಅಕ್ಕಿಕಾಳು ಹಾಕ್ತಾರೇನ? ಹುಚ್ಚಿ ಅದಿಯೇನ?”

ನನಗೆ ಸಿಟ್ಟು ನೆತ್ತಿಗೇರಿತು. ನಿಜ ಹೇಳುವ ಧೈರ್ಯ ಇಲ್ಲದವಳಿಗೆ ಸಿಟ್ಟಿಗೇನು ಬರ! ದೇವರ ಮುಂದಿನ ದೀಪ ತಂದು ಪಡಸಾಲೆಯಲ್ಲಿಟ್ಟೆ, ಕೈಯಲ್ಲೊಂದು ನಿಂಬೆಹಣ್ಣು ಹಿಡಿದೆ.

“ನೋಡಬೇ, ಈ ದೀಪ ಸೂರ್ಯ. ನಿಂಬಿಹಣ್ಣು ಶುಕ್ರ. ನೀ ಕುಂತದ್ದು ಭೂಮಿ.” ಹಣ್ಣನ್ನು ನಿಧಾನವಾಗಿ ದೀಪದ ಆಚೆಗೆ ಒಯ್ದೆ. “ಎಲ್ಲೂ ಮುಳುಗಿಲ್ಲ ಅಂವ. ಬೆಳಕಿನ ಹಿಂದ ಅದಾನ, ಕಣ್ಣಿಗೆ ಕಾಣವಲ್ಲ, ಅಷ್ಟ.”

ಅವ್ವ ಅಂಗೈಯಿಂದ ದೀಪವನ್ನು ಮರೆಮಾಡಿ ಬಗ್ಗಿ ನೋಡಿದಳು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ನನ್ನ ವಿದ್ಯಾರ್ಥಿಗಳಿಗಿಂತ ಬೇಗ ತಿಳಿದುಕೊಂಡಳು.

“ಮತ್ತ ಈ ಕಡಿಂದ ಹೊರಗ ಬರ್ತಾನೇನು?”

“ಹೂಂ. ಸಂಜಿ ಮುಂದ, ಪಡುವಲಕ್ಕ.”

“ಖರೆ?”

“ಒಂದ ದಿನಾನೂ ತಪ್ಪಂಗಿಲ್ಲ.”

ಅವಳ ಮುಖ ಅರಳಿತು. “ಹಂಗಾರ ಗಡಿಬಿಡಿ ಯಾಕವಾ? ಬರಾಂವ ಬಂದ ಬರ್ತಾನ, ಕಾಯೂಣು. ಅಂವ ಬಂದ ಮ್ಯಾಲೆ ನನ್ನ ಕೈಲೆ ನಿನಗ ಅಕ್ಕಿಕಾಳು ಹಾಕ್ತೀನಿ. ನಾ ಎಲ್ಲಿ ಓಡಿ ಹೊಕ್ಕೀನಿ?”

ಬಾಯಿ ಬಿಡಬೇಕಾದ ಹೊತ್ತು ಅದೇ ಆಗಿತ್ತು. ಮದುವೆ ಬೇಗ ಮಾಡಿಸಲೆಂದು ಹೇಳಿದ ಪಾಠ, ಕಾಯಲು ಅವಳಿಗೆ ಧೈರ್ಯ ಕೊಟ್ಟಿತ್ತು. ನಾನು ದೀಪವನ್ನೆತ್ತಿ ಮತ್ತೆ ದೇವರ ಮುಂದೆ ಇಟ್ಟೆ. ಅವಳು ನಿಂಬೆಹಣ್ಣನ್ನು ಇಸಿದುಕೊಂಡು ಹೋಗಿ ಅವಲಕ್ಕಿಗೆ ಹಿಂಡಿದಳು.

ದಿನಾ ಸಂಜೆ ಮಾಳಿಗೆ ಹತ್ತಿ ಪಡುವಲಕ್ಕೆ ನೋಡತೊಡಗಿದಳು. ಹತ್ತಲು ಆಗದಾದ ಮೇಲೆ ನನ್ನನ್ನು ಕಳಿಸಿದಳು.

“ಬಂದಾನೇನ?”

“ಇನ್ನೂ ಇಲ್ಲಬೇ.”

ತೀರಿಕೊಂಡ ಸಂಜೆಯೂ ಕೇಳಿದಳು. ಹೂಂ, ಬಂದಾನ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು? ರೋಗದ ಬಗ್ಗೆ ಒಂದೂವರೆ ತಿಂಗಳು ಸುಳ್ಳಾಡಿದ ನಾಲಿಗೆ ಶುಕ್ರನ ಬಗ್ಗೆ ಮಾತ್ರ ನಿಜ ಹೇಳಿತು, ಸುಡಲಿ ಅದನ್ನು. “ಇನ್ನೂ ಇಲ್ಲಬೇ,” ಎಂದೆ. ಅವಳು ಗೋಡೆಯ ಕಡೆ ಹೊರಳಿದಳು.

ಅದಾಗಿ ಹನ್ನೊಂದನೇ ದಿನ, ಒಣಗಿದ ಬಟ್ಟೆ ತರಲು ಸಂಜೆ ಮಾಳಿಗೆ ಹತ್ತಿದ್ದೆ. ಹೊಲಗಳ ಆಚೆ, ಮುಗಿಲಿನ ಕೆಂಪು ಆರುವ ಮೊದಲೇ, ಅವನು ಬಂದು ನಿಂತಿದ್ದ. ಅಯ್ಯನವರು ಹೇಳಿದ ದಿನವೇ, ನಾನು ನಿಂಬೆಹಣ್ಣು ಹಿಡಿದು ತೋರಿಸಿದ ಕಡೆಯೇ. ಬಟ್ಟೆ ಅವುಚಿಕೊಂಡು ಕೆಳಗಿಳಿಯುವ ಪಾವಟಿಗೆಯತ್ತ ಓಡಿದೆ.

“ಯವ್ವಾ, ಬಂದಾನ! ಜಲ್ದಿ ಬಾರಬೇ!” ಎಂದು ಕೂಗಿದೆ.

ಕೂಗಿದ ಮೇಲೆ ನೆನಪಾಯಿತು.