ದಾಕ್ಷಾಯಣಿಯವರಿಗೆ ಹೋದ ಅರ್ಧ ನಾಟಕ

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತೂ ಸಾಲದು, ಓದುವವರು ಕ್ಷಮಿಸಬೇಕು. ಬೇರೆಯವರ ಬರಹ ನಕಲು ಮಾಡುವಾಗ ಕೈ ನೆಟ್ಟಗೆ ಹೋಗುತ್ತದೆ. ನನ್ನದೇ ಬರೆಯುವಾಗ ಸಾಲು ಸೊಟ್ಟಗಾಗುತ್ತದೆ. ಅವ್ವನಿಗೆ ಕಾಯಿಲೆಯಾದಾಗ ಶಾಲೆ ಬಿಟ್ಟೆ. ಆಮೇಲೆ ಬರೆದದ್ದೆಲ್ಲ ನಕಲೇ.

ಇದು ನನ್ನ ಸೋದರಮಾವ ಷಡಕ್ಷರಪ್ಪನವರ ವಿಷಯ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬಡಗಿ. ಎರಕ ಹೊಯ್ಯಲು ಬೇಕಾದ ಮರದ ಮಾದರಿಗಳನ್ನು ಮಾಡುತ್ತಾರೆ. ಮದುವೆಯಾಗಿಲ್ಲ. ನಮ್ಮ ಜೊತೆಗೇ ಇದ್ದಾರೆ. ಸಾರಿಗೆ ಉಪ್ಪು ಸಾಲದಿದ್ದರೂ ಕೇಳದೆ ಉಂಡು ಏಳುತ್ತಾರೆ. ಅಂಥವರು ಈ ವರ್ಷ ಕೆಲಸಗಾರರ ಸಂಘಕ್ಕೆಂದು ಒಂದು ಚಿಕ್ಕ ನಾಟಕ ಬರೆದರು. ಒಂದೇ ಬೀದಿಯಲ್ಲಿ ಬೆಳೆದ ಗಂಡು ಹೆಣ್ಣು, ಇಬ್ಬರೂ ಸ್ನೇಹಿತರು, ಮಾತು ಬಿಟ್ಟು ಹದಿನಾಲ್ಕು ವರ್ಷದ ಮೇಲೆ ಮತ್ತೆ ಎದುರಾಗುವ ಕಥೆ.

ಆ ಹೆಣ್ಣು ಯಾರೆಂದು ಅವ್ವ ಹೇಳಿದಳು. ಶಿವಮೊಗ್ಗದ ಕೋಟೆಯ ದಾಕ್ಷಾಯಣಿ. ಈಗ ಅಲ್ಲೇ ಹುಡುಗಿಯರಿಗೆ ಪಾಠ ಹೇಳುತ್ತಾರೆ, ಅವರೂ ಮದುವೆಯಾಗಿಲ್ಲ. ಕೆಲಸ ಸಿಕ್ಕ ವರ್ಷದೊಳಗೆ ಬಂದು ಅವರ ತಂದೆಯನ್ನು ಕೇಳುತ್ತೇನೆಂದು ಹೋದ ಮಾವ ಬರಲೇ ಇಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ನಾಟಕವನ್ನು ಶುದ್ಧವಾಗಿ ನಕಲು ಮಾಡುವಾಗ ನಿಜ ಗೊತ್ತಾಯಿತು. ಕೊನೆಯಲ್ಲಿ ನಾಯಕ ಹೇಳುತ್ತಾನೆ: "ನಾನು ಬಂದಿದ್ದೆ. ನಿಮ್ಮ ಬಾಗಿಲಲ್ಲಿ ಹತ್ತು ಜೊತೆ ಚಪ್ಪಲಿ ಇದ್ದವು. ಹೆಣ್ಣು ನೋಡಲು ಬಂದವರೆಂದು ತಿಳಿಯಿತು. ನೀನು ಒಪ್ಪಿದ್ದೀಯೆಂದುಕೊಂಡು, ತಂದಿದ್ದ ಕಲ್ಲುಸಕ್ಕರೆಯನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿ ಹೋದೆ. ನಡೆದದ್ದು ಅಷ್ಟೇ."

ನಾಯಕ ಮಾವನೇ. ನಾಯಕಿಯ ಪಾತ್ರ ಅವರ ಜೊತೆ ಕೆಲಸ ಮಾಡುವ, ಹಿಂದೆಂದೂ ಬಣ್ಣ ಹಚ್ಚದ ಮಾರಪ್ಪನದು.

"ಮೀಸೆ ತೆಗೀಲೇಬೇಕಾ ಮಾರಾಯ? ನನ್ನ ಹೆಂಡ್ತಿ ಮನೆಗೆ ಸೇರಿಸಲ್ಲ."

"ಮೀಸೆ ಇರೋಳ ಹತ್ರ ನಾನು ಕ್ಷಮೆ ಕೇಳಲ್ಲಪ್ಪ," ಎಂದರು ಮಾವ. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಯುದ್ಧದಿಂದಾಗಿ ಕಾಗದ ಸಿಗುವುದು ಕಷ್ಟ. ಪೂರ್ತಿ ನಾಟಕ ಬರೆದ ಪುಸ್ತಕ ಒಂದೇ. ಪಾತ್ರಧಾರಿಗೆ ಅವನ ಮಾತುಗಳನ್ನು ಮಾತ್ರ ಬರೆದುಕೊಡುತ್ತೇವೆ. ಎದುರಿನವನ ಮಾತಿನಲ್ಲಿ ಕೊನೆಯ ಪದ ಒಂದಿದ್ದರೆ ಸಾಕು. ಅದು ಕಿವಿಗೆ ಬಿದ್ದಾಗ ಇವನು ಶುರು ಮಾಡುತ್ತಾನೆ.

ಮಾರಪ್ಪನಿಗೆ ಅವನ ಹಾಳೆಗಳನ್ನು ಕೊಟ್ಟಾಗಿತ್ತು. ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ. ಅವನು ಶಿವಮೊಗ್ಗಕ್ಕೆ ಹೊರಟ ದಿನ ಮಾವ ನನ್ನನ್ನು ಕರೆದರು.

"ರಾಜೇಶ್ವರಿ, ನಾಯಕಿ ಪಾತ್ರ ಇನ್ನೊಂದು ನಕಲು ಮಾಡಮ್ಮ. ದಾಕ್ಷಾಯಣಿ ಮಾತನ್ನ ಅವಳೇ ತಿದ್ದಲಿ. ನನ್ನ ಮಾತನ್ನ ಆಟದ ದಿನ ಬಂದು ಕೇಳ್ಲಿ."

ಪೂರ್ತಿ ಪುಸ್ತಕವನ್ನೇ ಕಳಿಸಬಾರದೇ ಎಂಬ ಮಾತು ನನ್ನ ನಾಲಗೆಗೆ ಬಂದಿತ್ತು. ಆದರೂ ಕೇಳಿದಷ್ಟನ್ನೇ ದುಂಡಗೆ ಬರೆದುಕೊಟ್ಟೆ. ಮಾರಪ್ಪ ತೆಗೆದುಕೊಂಡು ಹೋದ.

ಸಂಜೆ ಮಾರಪ್ಪ ಹಿಂತಿರುಗಿದ. ಅಲ್ಲೇ ಮೀಸೆ ಬೋಳಿಸಿಕೊಂಡು ಬಂದಿದ್ದ.

"ಓದಿದ್ಲಾ?" ಎಂದರು ಮಾವ.

"ಓದಿದ್ರಪ್ಪ, ನಿಂತ್ಕೊಂಡೇ ಓದಿದ್ರು. ಕೊನೇ ಹಾಳೆ ಮೇಲೆ ಬೆರಳಿಟ್ಟು, 'ಯಾಕೆ ಬರ್ಲಿಲ್ಲ ಅಂತ ಇಷ್ಟುದ್ದ ಕೇಳಿದ್ರೂ ಅವನು ಅಷ್ಟೇ ಅನ್ನೋ ಒಂದೇ ಪದ ಹೇಳ್ತಾನಾ?' ಅಂದ್ರು. ನಾನು ಹೌದಮ್ಮ ಅಂದೆ. ನನ್ನ ಹಾಳೇಲೂ ಆ ಪದ ಒಂದೇ ತಾನೇ ಇರೋದು!"

"ಆಟಕ್ಕೆ ಬರ್ತಾಳಂತಾ?"

"ಬರಲ್ವಂತೆ."

ಹಾಳೆಗಳನ್ನು ಮಾವ ನನ್ನ ಕೈಗೆ ಕೊಟ್ಟರು. ಕೆಳಗೆ ಕೆಂಪು ಶಾಯಿಯಲ್ಲಿ, 'ತಿದ್ದುವುದೇನೂ ಇಲ್ಲ' ಎಂದಿತ್ತು. ದಾಕ್ಷಾಯಣಿಯವರ ಅಕ್ಷರ ಬಹಳ ಚೆನ್ನಾಗಿದೆ.

"ಈ ಆಟ ಬೇಡ ಬಿಡು ಮಾರಪ್ಪ. ಬೇರೆ ಯಾವುದಾದ್ರೂ ಆಡೋಣ."

"ಬೇಡ್ವಾ? ನನ್ನ ಮೀಸೆ ಹೋಯ್ತಲ್ಲಯ್ಯ!"

 ಅವನು ಹೋದ ಮೇಲೆ ನಾನು ಬಾಗಿಲ ಹಿಂದೆ ನಿಂತೇ ಹೇಳಿದೆ: "ಮಾವ, ಕೊನೇ ಪದ ಬಿಟ್ರೆ ನಿಮ್ಮ ಮಾತು ಅವರಿಗೆ ತಲುಪೇ ಇಲ್ಲ."

"ಗೊತ್ತಮ್ಮ. ಆವತ್ತು ಬಾಗಿಲಿಗೆ ಹೋಗಿ ಹೇಳ್ಬೇಕಾಗಿತ್ತು. ಈಗ ಬರೆದು ಕಳಿಸಿದ್ರೆ ನೆಪ ಹೇಳ್ದಂಗಿರುತ್ತೆ." ಪುಸ್ತಕವನ್ನು ಪೆಟ್ಟಿಗೆಯಲ್ಲಿ ಹಾಕಿಡಲು ಹೇಳಿದರು. ಹಾಕಿಟ್ಟೆ.

ಮಾವನ ಮಾತನ್ನು ದಾಕ್ಷಾಯಣಿಯವರಿಗೆ ಮುಟ್ಟಿಸಲು ನಾನು ಒಬ್ಬಳೇ ಶಿವಮೊಗ್ಗಕ್ಕೆ ಹೋಗುತ್ತೇನೆಂದರೆ ಅವ್ವ ಬಿಡುವುದಿಲ್ಲ. ಮಾರಪ್ಪನ ಕೈಲಿ ಕೊಟ್ಟರೆ ಮಾವನಿಗೆ ಹೇಳಿಬಿಡುತ್ತಾನೆ. ಬೇರೆ ಯಾರನ್ನು ಕೇಳಬೇಕೋ ತಿಳಿಯದು. ನಾಳೆ ಬೆಳಿಗ್ಗೆ ಮಾವ ಕೆಲಸಕ್ಕೆ ಹೋದ ಮೇಲೆ ಪೆಟ್ಟಿಗೆ ತೆಗೆದು, ನಾಯಕನ ಮಾತುಗಳನ್ನು ಒಂದೂ ಬಿಡದೆ ನಕಲು ಮಾಡುತ್ತೇನೆ.