ಕರ್ರಗಿದ್ದದ್ದೆಲ್ಲ ಎರೆಮಣ್ಣಲ್ಲ

ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಖುರಪಿ ಹಿಡಿದು ನಾನು ನಮ್ಮ ಕಾಲೊನಿಯ ಖಾಲಿ ಸೈಟಿಗೆ ಇಳಿದೆ. ದಿಲ್‌ಸುಖ್‌ನಗರದ ಬಸ್ಸಿಗೆ ಕಾಯುತ್ತ ನಿಂತಿದ್ದ ನಾಲ್ಕು ಜನ ತಿರುಗಿ ನೋಡಿದರು. ನೋಡಲಿ ಬಿಡಿ. ವಿಮಾ ಆಫೀಸಿನ ಮೇಡಂ ಮಣ್ಣು ಅಗೆಯುವುದು ದಿನಾ ಸಿಗುವ ನೋಟವಲ್ಲ.

ನನ್ನ ಸಂಭ್ರಮಕ್ಕೆ ಕಾರಣವಿತ್ತು. ನಾನು ಕಲಬುರಗಿ ಕಡೆಯವಳು. ನಮ್ಮಲ್ಲಿ ಈ ಅಮಾವಾಸ್ಯೆಗೆ ಎರೆಮಣ್ಣು ತಂದು, ಕಲಸಿ, ಜೋಡೆತ್ತು ಮಾಡಿ, ಅವುಗಳ ಮುಂದೆ ಮೇವಿಗೊಂದು ಗ್ವಾದಲಿ ಕಟ್ಟಿ ಪೂಜಿಸುತ್ತೇವೆ. ಎತ್ತು ಮಾಡುವುದು ಮಕ್ಕಳ ಕೆಲಸ, ಹೋಳಿಗೆ ಮಾಡುವುದು ದೊಡ್ಡವರದು. ಆದರೆ ಹೈದರಾಬಾದಿನ ನಮ್ಮ ಕಾಲೊನಿಯಲ್ಲಿ ಎಲ್ಲಿ ಅಗೆದರೂ ಕೆಂಪು ಮೊರಂ ಮಣ್ಣು ಮತ್ತು ಕಲ್ಲು. ಇಪ್ಪತ್ತು ವರ್ಷ ಅಂಗಡಿಯಿಂದ ಬಣ್ಣದ ಎತ್ತು ತಂದು ಹಬ್ಬ ಮಾಡಿದ್ದೇನೆ. ಈ ವರ್ಷ ಆ ಖಾಲಿ ಸೈಟಿನ ಮೂಲೆಯಲ್ಲಿ ಮಳೆಗೆ ನೆನೆದ ಕರ್ರನೆಯ ಮಣ್ಣು ಕಂಡಿತು. ಊರೇ ಕಂಡಂತಾಯಿತು.

ಗೇಟಿನ ಮುಂದೆ ಚಾಪೆ ಹಾಸಿದೆ. ನಮ್ಮ ಬ್ಲಾಕಿನ ಏಳು ಮಕ್ಕಳು ಬಂದು ಕೂತರು. ಅರ್ಧಕ್ಕರ್ಧ ತೆಲುಗು ಮಕ್ಕಳು. ಎತ್ತು ಅಂದರೆ ಯಾರಿಗೆ ಬೇಡ? ಸೈಟಿನ ತಗಡಿನ ಶೆಡ್ಡಿನಲ್ಲಿರುವ ನಿಂಗಮ್ಮನನ್ನೂ ಕೂಗಿ ಕರೆದೆ. ಯಾದಗಿರಿ ಕಡೆಯವಳು. ಪಕ್ಕದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಇರಲು ಈ ಖಾಲಿ ಸೈಟಿನಲ್ಲಿ ಶೆಡ್ಡು ಹಾಕಿಕೊಟ್ಟವನು ಕಂಟ್ರಾಕ್ಟರ್. ಜೊತೆಗೆ ಐದು ವರ್ಷದ ಮಗಳು ಭಾಗ್ಯ.

ನಿಂಗಮ್ಮ ಮಣ್ಣನ್ನು ಬೆರಳಲ್ಲಿ ಹೊಸಕಿ ನೋಡಿದಳು.

"ಅಕ್ಕಾರ, ಇದು ಎರಿ ಮಣ್ಣ ಅಲ್ಲ ಅನಸ್ತೈತ್ರಿ. ಜಿಗಿ ಇಲ್ಲ. ಕೈಗೆ ಎಣ್ಣಿ ಹತ್ತಿದಂಗ ಆಗಾಕತ್ತೈತಿ."

"ಸುಮ್ನಿರು ನಿಂಗಮ್ಮ. ನಮ್ಮ ಮಣ್ಣ ನನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಅವಳು ಹತ್ತಿ ಬಿಡಿಸಿ, ಕಳೆ ಕಿತ್ತು ಆ ಮಣ್ಣಿನಲ್ಲೇ ಬೆಳೆದವಳು. ನಾನು ಆ ಮಣ್ಣನ್ನು ಬಸ್ಸಿನ ಕಿಟಕಿಯಿಂದ ಪ್ರೀತಿಸಿದವಳು. ಆದರೂ ಮಾತು ನಡೆದದ್ದು ನನ್ನದೇ. (ಖುರಪಿ ಯಾರ ಕೈಯಲ್ಲಿತ್ತು ಹೇಳಿ?)

ಮಕ್ಕಳ ಎತ್ತುಗಳ ಕೊಂಬು ನಿಲ್ಲಲಿಲ್ಲ, ಕಾಲು ಬಿರುಕು ಬಿಟ್ಟವು. ನಿಂಗಮ್ಮ ಮಾತ್ರ ಒಂದಿಷ್ಟು ಹತ್ತಿ ಹಿಂಜಿ ಮಣ್ಣಿಗೆ ಸೇರಿಸಿ ಕಲಸಿ, ಮಗಳ ಕೈ ಹಿಡಿದು ಒಂದು ಜೋಡಿ ಮಾಡಿಸಿದಳು. ಅದರ ಕೊಂಬು ನಿಂತಿತು. ಎಲ್ಲವನ್ನೂ ಗೇಟಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಮೇಲೆ "ನಮ್ಮ ಮಣ್ಣು, ನಮ್ಮ ಹಬ್ಬ" ಎಂದು ಬರೆದೆ. ಲೈಕುಗಳಿಗೆ ಬರವಿರಲಿಲ್ಲ.

ಮೂರು ವಾರ ಕಳೆದಿರಬೇಕು. ನಮ್ಮ ಕಾಲೊನಿಯ ಸುಜಾತಾ ಟೀಚರ್ (ಶಾಲೆಯಲ್ಲಿ ವಿಜ್ಞಾನ ಹೇಳುತ್ತಾರೆ, ಮನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತಾರೆ) ಒಂದು ಕಾಗದ ಹಿಡಿದು ಮನೆಮನೆಗೆ ಬಂದರು. ಅದೇ ಸೈಟಿನ ಅಂಚಿನಲ್ಲಿ ಅವರು ನೆಟ್ಟ ಸಸಿಗಳು ಮೂರು ಸಲ ಸತ್ತಿದ್ದವಂತೆ. ಹಟಕ್ಕೆ ಬಿದ್ದು ಮಣ್ಣನ್ನು ಲ್ಯಾಬಿಗೆ ಕಳಿಸಿದ್ದರು. ಆ ಮಣ್ಣಿನಲ್ಲಿ ಸೀಸ ಇದೆ, ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಇದೆ, ಮಕ್ಕಳನ್ನು ಅತ್ತ ಬಿಡಬೇಡಿ ಎಂದರು.

ಕಾಲೊನಿಯ ಹಳಬರಿಗೆ ಆಗ ನೆನಪಾಯಿತು. ಇಲ್ಲಿ ಮನೆಗಳು ಬರುವ ಮೊದಲು ಆ ಮೂಲೆಯಲ್ಲಿ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು ಇತ್ತು. ಶೆಡ್ಡು ಹೋಯಿತು, ಗೋಡೆ ಬಿತ್ತು, ಕಸ ಬೆಳೆಯಿತು. ಬೂದಿ ಮತ್ತು ಎಣ್ಣೆ ಮಣ್ಣಲ್ಲೇ ಉಳಿದವು. ನನ್ನ ಎರೆಮಣ್ಣು ಅದೇ.

ಕಾಗದವನ್ನು ಎರಡು ಸಲ ಓದಿದೆ. ಬಾಯಿಂದ ಮಾತ್ರ ಬಂದದ್ದು, "ಅಯ್ಯೋ, ಹೌದಾ ಟೀಚರ್?"

ಭಾನುವಾರ ಕಮ್ಯುನಿಟಿ ಹಾಲಿನಲ್ಲಿ ಮೀಟಿಂಗು. ಗಣೇಶೋತ್ಸವದ ಚಂದಾ ಮೀಟಿಂಗಿಗೆ ಬಾರದವರೂ ಬಂದಿದ್ದರು. "ಎಂದುಕಂಡಿ ಈ ಗೋಲ?" ಎಂದು ಅಧ್ಯಕ್ಷರು ಶುರುಮಾಡಿದರು. ಈ ಗಲಾಟೆ ಈಗ ಯಾಕೆ ಅಂತ. ಇಷ್ಟು ವರ್ಷ ಯಾರಿಗಾದರೂ ಏನಾದರೂ ಆಗಿದೆಯೇ? ಸುದ್ದಿ ಹೊರಗೆ ಹೋದರೆ ನಮ್ಮ ಫ್ಲ್ಯಾಟುಗಳನ್ನು ಯಾರು ಕೇಳುತ್ತಾರೆ? ಹಿಂದಿನ ಸಾಲಿನಿಂದ ಒಬ್ಬರು ದಖನಿಯಲ್ಲಿ ಪರಿಹಾರ ಒದಗಿಸಿದರು: "ಪೂರಾ ಸಿಮೆಂಟ್ ಮಾರೋ, ಕಿಸ್ಸಾ ಖತಂ." ಎಲ್ಲ ಕಡೆ ಸಿಮೆಂಟ್ ಬಳಿದುಬಿಡಿ, ಕತೆ ಮುಗಿಯಿತು ಅಂತ. ಮೇಲೆ ಶಟಲ್ ಕೋರ್ಟ್ ಮಾಡಿದರೆ ಮಕ್ಕಳಿಗೂ ಅನುಕೂಲ ಎಂದು ಇನ್ನೊಬ್ಬರು ಸೇರಿಸಿದರು.

ಇನ್ನೊಂದು ಪಕ್ಷ ಜೆಸಿಬಿಯದು. ಕರೆಸಿ, ಅಗೆಸಿ, ಟಿಪ್ಪರಿಗೆ ತುಂಬಿಸಿ, ಊರಾಚೆ ಸುರಿದು ಬನ್ನಿ. ಊರಾಚೆ ಅಂದರೆ ಎಲ್ಲಿ? ಅದನ್ನು ಯಾರೂ ಕೇಳಲಿಲ್ಲ. ನಮ್ಮ ಊರಾಚೆ ಇನ್ನೊಬ್ಬರ ಊರು ಇರುತ್ತದೆ ಎಂಬುದು ಮೀಟಿಂಗುಗಳಲ್ಲಿ ಹೊಳೆಯುವ ವಿಚಾರವಲ್ಲ. ಮನೆಯ ಕಸ ಗುಡಿಸಿ ಪಕ್ಕದವರ ಬಾಗಿಲಿಗೆ ತಳ್ಳುವ ಕೈಗಳೇ ಅಲ್ಲವೇ ನಮ್ಮವು?

ಸುಜಾತಾ ಟೀಚರ್ ಒಬ್ಬರೇ ನಿಂತು ಹೇಳಿದರು. ಇದಕ್ಕೆಂದೇ ಇರುವ ಸರ್ಕಾರಿ ಆಫೀಸಿಗೆ ಬರೆದುಕೊಡೋಣ, ತಿಳಿದವರು ಬಂದು ತೆಗೆಯಲಿ, ಹಾಕಬೇಕಾದ ಜಾಗಕ್ಕೇ ಹಾಕಲಿ. ನಿಧಾನವಾಗುತ್ತದೆ, ಹೆಸರೂ ಕೆಡುತ್ತದೆ, ಆದರೂ ಅದೇ ಸರಿ. ಕೊನೆಗೆ ಅವರು ಕೇಳಿದರು, "ಯಾವ ಮಕ್ಕಳಾದರೂ ಆ ಮಣ್ಣು ಮುಟ್ಟಿದ್ದಾರಾ?"

ನನ್ನ ಫೋನಿನಲ್ಲಿ ಫೋಟೊ ಇತ್ತು. ನಾನು ಚಪ್ಪಲಿ ನೋಡುತ್ತ ಕೂತೆ.

ಯಾಕೆ ಸುಮ್ಮನಿದ್ದೆ? ನಾಚಿಕೆ. ಹಬ್ಬದ ಹೆಸರಿನಲ್ಲಿ ಮಕ್ಕಳ ಕೈಗೆ ವಿಷ ಕೊಟ್ಟವಳು ಎನ್ನಿಸಿಕೊಳ್ಳುವ ಭಯ. ವಾರ ವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವಳು ನಾನು, ನೋಡಿ. ಅಧ್ಯಕ್ಷರದು ಫ್ಲ್ಯಾಟಿನ ಚಿಂತೆ, ನನ್ನದು ಮರ್ಯಾದೆಯ ಚಿಂತೆ. ಇಬ್ಬರಿಗೂ ಸಿಮೆಂಟೇ ಒಳ್ಳೆಯದು ಅನ್ನಿಸಿತ್ತು.

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಅವರು ಪೇಪರ್ ಮಡಚಿಟ್ಟರು. "ನೀ ಹೇಳದಿದ್ರ ಆ ಮಕ್ಕಳ ತಾಯಂದಿರಿಗೆ ಹ್ಯಾಂಗ ಗೊತ್ತಾಗಬೇಕು?" ಎಂದರು. ಇಷ್ಟೇ.

ಮುಂದಿನ ಭಾನುವಾರ ಮತ್ತೆ ಮೀಟಿಂಗು. ಶಟಲ್ ಕೋರ್ಟಿನ ಅಳತೆಯ ತನಕ ಮಾತು ಬಂದಾಗ ನಾನು ಎದ್ದು ನಿಂತು ಫೋಟೊ ತೋರಿಸಿದೆ. ಯಾವ ಮಣ್ಣು, ಯಾರು ತಂದದ್ದು, ಯಾವ್ಯಾವ ಮಕ್ಕಳು ಎಂದೆಲ್ಲ ಹೇಳಿದೆ. "ಮೇಡಂ, ಮೀರು ಕೂಡಾನಾ?" ಎಂದರು ಅಧ್ಯಕ್ಷರು. ನೀವೂನಾ ಎಂಬ ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ಒಬ್ಬ ತಾಯಿ ಅತ್ತರು. ಇನ್ನೊಬ್ಬರು ಇವತ್ತಿಗೂ ಲಿಫ್ಟಿನಲ್ಲಿ ನನ್ನ ಮುಖ ನೋಡುವುದಿಲ್ಲ. ಅವರದು ತಪ್ಪಲ್ಲ.

ಆದರೆ ಸಿಮೆಂಟಿನ ಮಾತು ಅಲ್ಲಿಗೆ ನಿಂತಿತು. ತಮ್ಮ ಮಕ್ಕಳ ವಿಷಯ ಅಂದ ಕೂಡಲೇ ಫ್ಲ್ಯಾಟಿನ ರೇಟು ಯಾರಿಗೂ ನೆನಪಾಗಲಿಲ್ಲ. ಆಫೀಸಿಗೆ ಅರ್ಜಿ ಕೊಡುವುದು, ಮಕ್ಕಳ ರಕ್ತ ಪರೀಕ್ಷೆ ಮಾಡಿಸುವುದು ಎಂದು ತೀರ್ಮಾನವಾಯಿತು. ಮಕ್ಕಳ ಪಟ್ಟಿ ಬರೆಯುವ ಕೆಲಸ ನಾನೇ ಕೇಳಿ ಪಡೆದೆ. ಏಳು ಹೆಸರು ಬರೆದು, ಗೆರೆ ಎಳೆದು, ಸಹಿ ಹಾಕಿ ಟೀಚರ್ ಕೈಗೆ ಕೊಟ್ಟೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಿಜ ಹೇಳಬೇಕೆಂದರೆ, ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟಾಗ ಗೇಟಿನಲ್ಲಿ ನಿಂಗಮ್ಮ ಕಾಯುತ್ತಿದ್ದಳು. ಕಮ್ಯುನಿಟಿ ಹಾಲಿನ ಪಕ್ಕದ ನಲ್ಲಿಗೆ ನೀರಿಗೆ ಬಂದವಳು ಹಿಂದಿನ ದಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಕ್ಕಾರ, ಚೀಟ್ಯಾಗ ನಮ್ಮ ಭಾಗ್ಯಾನ ಹೆಸರ ಐತೇನ್ರಿ?"

ಫೋನ್ ತೆಗೆದು ಫೋಟೊ ನೋಡಿದೆ. ಕಟ್ಟೆಯ ಮೇಲೆ ಎಂಟು ಜೋಡಿ. ಪಟ್ಟಿಯಲ್ಲಿ ಏಳು ಹೆಸರು. ಕೊಂಬು ನೆಟ್ಟಗೆ ನಿಂತಿದ್ದ ಆ ಒಂದೇ ಜೋಡಿಯನ್ನು ಮಾಡಿದ ಹುಡುಗಿಯನ್ನು ನಾನು ಎಣಿಸಿರಲಿಲ್ಲ.

ಆ ಏಳು ಮಕ್ಕಳು ಆ ಮಣ್ಣನ್ನು ಒಂದು ಹೊತ್ತು ಮುಟ್ಟಿದ್ದರು. ಭಾಗ್ಯ ಅದರ ಮೇಲೆ ಎರಡು ವರ್ಷದಿಂದ ಮಲಗುತ್ತಿದ್ದಾಳೆ. ಎರಡು ಭಾನುವಾರ ಮಕ್ಕಳು ಮಕ್ಕಳು ಎಂದು ಕೂಗಾಡಿದ ಹಾಲಿನಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ. ಸುಜಾತಾ ಟೀಚರಿಗೂ ಇಲ್ಲ. ಅವಳದೇ ಭಾಷೆಯ, ಅವಳದೇ ಸೀಮೆಯ ನನಗಂತೂ ಇಲ್ಲವೇ ಇಲ್ಲ. ತಪ್ಪೊಪ್ಪಿಕೊಳ್ಳುವಾಗಲೂ ನಾವು ನಮ್ಮ ಗೇಟಿನ ಒಳಗಿನವರಿಗೆ ಮಾತ್ರ ಒಪ್ಪಿಕೊಳ್ಳುತ್ತೇವೆಯೇ?

ಅವತ್ತು ರಜೆ ಹಾಕಿದೆ. ನಿಂಗಮ್ಮ ಮತ್ತು ಭಾಗ್ಯಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ದಾರಿಯಲ್ಲಿ ನಿಂಗಮ್ಮ ಹೇಳಿದಳು, "ಹೊಟ್ಟಿ ನೋಯತೈತಿ ಅಂತ ದಿನಾ ಅಳ್ತೈತ್ರಿ. ಹೊಟ್ಯಾಗ ಹುಳಾ ಆಗ್ಯಾವ ಅಂತ ನಾನು ಔಷಧ ಕುಡಸೇನಿ."

ರಿಪೋರ್ಟುಗಳು ಬಂದವು. ಏಳು ಮಕ್ಕಳದು ಚಿಂತೆಪಡುವಂಥದ್ದಲ್ಲ, ಮತ್ತೊಮ್ಮೆ ನೋಡೋಣ ಎಂದರು. ಭಾಗ್ಯಳದು ಹಾಗಿರಲಿಲ್ಲ. ಡಾಕ್ಟರು ಕಾಗದ ನೋಡಿ ಮೊದಲು ಕೇಳಿದ್ದು ಔಷಧದ ಮಾತಲ್ಲ. "ಈ ಪಾಪು ಎಲ್ಲಿ ಮಲಗುತ್ತೆ?" ಎಂದರು. ಮೊದಲು ಆ ಜಾಗ ಬಿಡಿಸಿ, ಉಳಿದದ್ದು ಆಮೇಲೆ ಎಂದರು.

ಮಣ್ಣಿನ ಚರ್ಚೆ ಇನ್ನೂ ಮುಗಿದಿಲ್ಲ. ಸರ್ಕಾರಿ ಆಫೀಸಿನವರು ಬಂದು ಸ್ಯಾಂಪಲ್ ಒಯ್ದಿದ್ದಾರೆ. ಸೈಟಿನ ಮೇಲೆ ನೀಲಿ ತಾಡಪತ್ರಿ ಹೊದಿಸಿದ್ದಾರೆ, ಬೋರ್ಡು ನೆಟ್ಟಿದ್ದಾರೆ. ಯಾರು ತೆಗೆಯಬೇಕು, ಎಲ್ಲಿಗೆ ಒಯ್ಯಬೇಕು ಎಂಬ ಜಗಳ ವಾಟ್ಸಾಪ್ ಗ್ರೂಪಿನಲ್ಲಿ ದಿನವೂ ನಡೆಯುತ್ತದೆ. ನಡೆಯಲಿ. ತೆಪ್ಪಗಿರುವುದಕ್ಕಿಂತ ಜಗಳ ಮೇಲು.

ನಿಂಗಮ್ಮನ ಸಂಸಾರವನ್ನು ಕಂಟ್ರಾಕ್ಟರ್ ಲಿಂಗಂಪಲ್ಲಿ ಕಡೆಯ ಇನ್ನೊಂದು ಸೈಟಿಗೆ ಕಳಿಸಿದ. ಹೊರಡುವ ದಿನ ಭಾಗ್ಯಳ ಮಾತ್ರೆ, ಚೀಟಿ ಎಲ್ಲ ಒಂದು ಚೀಲಕ್ಕೆ ಹಾಕಿಕೊಟ್ಟು, ಮುಂದಿನ ಪರೀಕ್ಷೆಗೆ ನಾನೇ ಬರುತ್ತೇನೆ ಎಂದೆ. ಶೆಡ್ಡಿನ ದೇವರ ಹಲಗೆಯ ಮೇಲೆ ಆ ಜೋಡೆತ್ತು ಇನ್ನೂ ಇತ್ತು. ಒಲೆಯ ಪಕ್ಕದಲ್ಲೇ. ಪೂಜೆ ಮಾಡಿದ ಎತ್ತು, ಎಸೆಯುವುದು ಹೇಗೆ ಎಂದು ಇಟ್ಟುಕೊಂಡಿದ್ದಳಂತೆ. ನಾನೇ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಾಡಪತ್ರಿಯ ಕೆಳಗೆ ಇಟ್ಟು ಬಂದೆ. ಮಣ್ಣಿಗೆ ಕೈಮುಗಿಯುವ ಜನ ನಾವು. ಆ ದಿನ ಕೈ ತೊಳೆದುಕೊಂಡೆ.

ಹುಡುಗಿ ಸೇಫ್ ಆದಳಲ್ಲ ಎಂದು ಗ್ರೂಪಿನಲ್ಲಿ ಎಲ್ಲರೂ ನಮಸ್ಕಾರದ ಕೈಗಳನ್ನು ಹಾಕಿದರು. ನಾನೂ ಹಾಕಿದೆ.

ಕಳೆದ ವಾರ ನಿಂಗಮ್ಮನ ಫೋನ್ ಬಂತು. ಭಾಗ್ಯ ಸ್ವಲ್ಪ ಉಣ್ಣುತ್ತಿದ್ದಾಳಂತೆ. ಹೊಸ ಶೆಡ್ಡು ದೊಡ್ಡದಿದೆಯಂತೆ. ಆಮೇಲೆ ಕೇಳಿದಳು.

"ಇಲ್ಲಿ ಮಣ್ಣ ಕೆಂಪಗೈತ್ರಿ ಅಕ್ಕಾರ. ಇದು ಚಲೋ ಐತೋ ಇಲ್ಲೋ ಯಾರನ್ನ ಕೇಳಬೇಕ್ರಿ?"

ನನಗೆ ಗೊತ್ತಿಲ್ಲ ಎಂದೆ. ನೀವಾದರೂ ಹೇಳಿ, ತಗಡಿನ ಶೆಡ್ಡಿನಲ್ಲಿರುವವಳು ಯಾರನ್ನು ಕೇಳಬೇಕು?